ಈ ಕಾಲೇಜು ಬೇಡ, ಮಗಳೇ

ಗುರುವಾರ, ಬೆಳಿಗ್ಗೆ ಹತ್ತು ಗಂಟೆ
ಡಿಸೆಕ್ಷನ್ ಹಾಲ್‌ನಿಂದ

ನನ್ನ ಪಿಟೀಲು,

ಸಿಟ್ಟು ಮಾಡಿಕೊಂಡು ಹೋದ ಮಗಳಿಗೆ ಅಪ್ಪನ ಪ್ರೀತಿ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಚಿಕ್ಕಮ್ಮನಿಗೆ ಮಾಡಿದರೆ ಅವಳು ಸ್ನಾನಕ್ಕೆ ಹೋಗಿದ್ದಾಳೆ ಅನ್ನುತ್ತಾಳೆ. ಮೂರು ದಿನದಿಂದ ಸ್ನಾನ ಮಾಡುತ್ತಲೇ ಇದ್ದೀಯಲ್ಲ, ಮೈಮೇಲೆ ಚರ್ಮ ಉಳಿದಿದೆಯೇ? ಅದಕ್ಕೇ ಈ ಕಾಗದ. ಆಂಬುಲೆನ್ಸ್ ಡ್ರೈವರ್ ಇವತ್ತು ನಿಮ್ಮ ಕಡೆಗೇ ಬರುತ್ತಿದ್ದಾನೆ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಓದದೆ ಹರಿಯಬೇಡ. ಓದಿದ ಮೇಲೆ ಹರಿದರೆ ನನ್ನ ತಕರಾರಿಲ್ಲ.

ನಮ್ಮದರಲ್ಲೂ ದೂರದ್ದರಲ್ಲೂ, ಎರಡು ಮೆಡಿಕಲ್ ಕಾಲೇಜಿನಲ್ಲೂ ನಿನಗೆ ಸೀಟು ಸಿಕ್ಕಿತು ಎಂದು ಗೊತ್ತಾದ ದಿನ ನಮ್ಮ ವಿಭಾಗದ ದೊಡ್ಡ ಮೇಡಂ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕುರ್ಚಿ ತೋರಿಸಿ ಕೂರಿಸಿದರು. ನಮ್ಮ ಅಟೆಂಡರ್ ಮಗಳು ನಮ್ಮ ಹಾಲ್‌ನಲ್ಲೇ ಪಾಠ ಕಲೀತಾಳೆ, ಇದಕ್ಕಿಂತ ಏನು ಬೇಕು ಅಂದರು. ನಾನು ಹಲ್ಲು ಕಿರಿದೆ. ಹೊರಗೆ ಬಂದು ಕೈ ತೊಳೆಯುವ ಜಾಗದಲ್ಲಿ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ನಿಂತಿದ್ದೆ. ಖುಷಿ ಹೆಚ್ಚಾಗಿ ಹೀಗಾಡ್ತಿದ್ದಾನೆ ಅಂತ ಗುಮಾಸ್ತ ಬೆನ್ನು ತಟ್ಟಿ ಹೋದ.

ಸಂಜೆ ಮನೆಯಲ್ಲಿ ನಡೆದದ್ದು ನಿನಗೆ ಗೊತ್ತೇ ಇದೆ. ನೀನು ಇಲ್ಲೇ ಸೇರುತ್ತೀನಿ, ಮನೆಯಲ್ಲೇ ಇರ್ತೀನಿ ಅಂದೆ. ಹಾಸ್ಟೆಲ್ ಯಾಕೆ, ನಡೆದರೆ ಐದು ನಿಮಿಷ, ನಿನಗೂ ಹೊತ್ತಿಗೆ ಸರಿಯಾಗಿ ಊಟ ಆಗುತ್ತೆ, ದಿನಾ ಸಂಜೆ ಅಮ್ಮನ ಸಮಾಧಿ ಹತ್ತಿರ ಕೂತು ಬರಬಹುದು ಅಂದೆ. ನಾನು ದೂರದ ಕಾಲೇಜೇ ಒಳ್ಳೆಯದು ಅಂದೆ. ಕ್ವಾರ್ಟರ್ಸ್‌ನಲ್ಲಿ ಇರುವುದೇ ಎರಡು ಕೋಣೆ ಅಂದೆ, ಓದೋಕೆ ಒಂದು ಸಾಕು ಅಂದೆ ನೀನು. ನನ್ನ ಬಟ್ಟೆಯೆಲ್ಲ ಫಾರ್ಮಲಿನ್ ವಾಸನೆ ಅಂದೆ. ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಉಂಡಿದ್ದೀನಿ ಅಂದೆ ನೀನು. ಹೆಣ ಎತ್ತೋನ ಮಗಳು ಅಂತ ಹುಡುಗರು ಆಡಿಕೊಳ್ತಾರೆ ಅಂದೆ. ಆಡಿಕೊಂಡವರ ಪರೀಕ್ಷೆಗೆ ನೀನೇ ಅಲ್ವಾ ಮೇಜು ಜೋಡಿಸೋದು, ನೋಡ್ಕೋ ಅಂತ ನೀನು ನಕ್ಕೆ. ನನ್ನ ನೆಪಗಳ ಬುಟ್ಟಿ ಖಾಲಿಯಾಯಿತು.

ಕೊನೆಗೆ ನೀನು, ಈ ಮನೆಗೆ ಬೇರೆ ಯಾರನ್ನಾದರೂ ಕರ್ಕೊಂಡು ಬರ್ತಿದ್ದೀಯಾ ಅಪ್ಪಾ, ಹೇಳಿಬಿಡು ಅಂದೆ. ನಾನು ಎದ್ದು ತಟ್ಟೆ ತೊಳೆಯಲು ಹೋದೆ. ಇಲ್ಲ ಎಂದಿದ್ದರೆ ಮತ್ತೆ ಯಾಕೆ ಎಂದು ನೀನು ಕೇಳುತ್ತಿದ್ದೆ. ಮರುದಿನ ನಾನು ಏಳುವ ಮೊದಲೇ ನೀನು ಬ್ಯಾಗು ಹಿಡಿದು ಚಿಕ್ಕಮ್ಮನ ಮನೆಗೆ ಹೊರಟುಹೋದೆ.

ಯಾರೂ ಇಲ್ಲ, ಮಗಳೇ. ನಿನ್ನಮ್ಮನೇ ಇದ್ದಾಳೆ. ಇಲ್ಲಿ, ಹಾಲ್‌ನಲ್ಲಿ, ನಾನು ಈ ಕಾಗದ ಬರೆಯುತ್ತಿರುವ ಸ್ಟೂಲಿನಿಂದ ಹತ್ತು ಹೆಜ್ಜೆ ದೂರದ ಫಾರ್ಮಲಿನ್ ಟ್ಯಾಂಕಿನಲ್ಲಿ.

ಈ ಸಾಲು ಬರೆದು ಒಂದು ಸುತ್ತು ಹೊರಗೆ ಹೋಗಿ ಬಂದೆ. ಇನ್ನು ನಿಲ್ಲಿಸದೆ ಬರೆಯುತ್ತೇನೆ.

ನಿನ್ನಮ್ಮ ತನ್ನ ದೇಹವನ್ನು ಈ ಕಾಲೇಜಿಗೆ ಬರೆದುಕೊಟ್ಟಿದ್ದಳು. ಆಸ್ಪತ್ರೆಯ ಲಾಂಡ್ರಿಯಿಂದ ಇಸ್ತ್ರಿ ಮಾಡಿದ ಬಿಳಿ ಬಟ್ಟೆಗಳನ್ನು ವಾರಕ್ಕೊಮ್ಮೆ ಹಾಲ್‌ಗೆ ತರುತ್ತಿದ್ದವಳು ಅವಳೇ ತಾನೆ. ಯಾರ ಮುಖಕ್ಕೆ ಆ ಬಟ್ಟೆ ಹೊದಿಸುತ್ತೇವೆ ಎಂದು ಅವಳು ಹೆದರದೆ ನೋಡುತ್ತಿದ್ದಳು. ಹೃದಯ ಇನ್ನು ಹೆಚ್ಚು ದಿನ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ ವಾರವೇ ಮೇಡಂ ಹತ್ತಿರ ಹೋಗಿ ಫಾರಂ ಕೇಳಿದಳು. ನಾನು ರೇಗಿದೆ. ನಿಮ್ಮ ಕೈಗೇ ಬರ್ತೀನಲ್ಲ, ಇನ್ಯಾರದ್ದೋ ಕೈಗೆ ಯಾಕೆ ಹೋಗ್ಲಿ ಅಂತ ನಕ್ಕಳು. ಸಾಕ್ಷಿಯ ಜಾಗದಲ್ಲಿ ನನ್ನದೇ ಸಹಿ ಇದೆ.

ಆಗ ನೀನು ಚಿಕ್ಕಮ್ಮನ ಮನೆಯಲ್ಲಿದ್ದು ಹತ್ತನೇ ತರಗತಿ ಓದುತ್ತಿದ್ದೆ. ಅವಳು ಹೋದದ್ದು ಮಂಗಳವಾರ, ನಿನಗೆ ಇನ್ನೂ ಮೂರು ಪರೀಕ್ಷೆ ಬಾಕಿ. ಪರೀಕ್ಷೆ ಮುಗಿಯೋವರೆಗೂ ಅವಳಿಗೆ ಹೇಳಬೇಡಿ, ಮುಗಿದ ದಿನ ಎಲ್ಲಾ ಹೇಳಿ ಅಂತ ನಿನ್ನಮ್ಮ ಮೊದಲೇ ಅಪ್ಪಣೆ ಮಾಡಿದ್ದಳು. ಮೊದಲನೆಯದನ್ನು ಮಾಡಿದೆ. ನೀನು ವಿಜ್ಞಾನದ ಪರೀಕ್ಷೆಯಲ್ಲಿ ಚಿತ್ರ ಬಿಡಿಸಿ ಉತ್ತರ ಬರೆಯುತ್ತಿದ್ದ ಹೊತ್ತಿನಲ್ಲಿ ನಾನು ಇಲ್ಲಿ ಅವಳ ಮೈಗೆ ಕೆಡದಂತೆ ಔಷಧಿ ಏರಿಸುತ್ತಿದ್ದೆ. ಬೇರೆ ಯಾರನ್ನೂ ಮುಟ್ಟಲು ಬಿಡಲಿಲ್ಲ. ಕೂದಲು ತೆಗೆದವನೂ ನಾನೇ.

ಮುಂದಿನ ವಾರದ ಶುಕ್ರವಾರ, ಪರೀಕ್ಷೆ ಮುಗಿಸಿ, ಅಮ್ಮ ಹೋದಳು ಎಂದಷ್ಟೇ ಚಿಕ್ಕಮ್ಮನಿಂದ ಕೇಳಿಕೊಂಡು ನೀನು ಬಂದೆ. ಗೇಟಿನಲ್ಲೇ ನಿಂತು, ಎಲ್ಲಿ ಮಲಗಿಸಿದ್ದೀಯ ಅಂತ ಕೇಳಿದೆ. ಹೇಳಬೇಕೆಂದೇ ಹೊರಟೆ. ಕಾಲು ನನ್ನನ್ನು ಕಾಂಪೌಂಡಿನ ಹಿಂಬದಿಗೆ ಕರೆದುಕೊಂಡು ಹೋಯಿತು. ಪಾಠ ಮುಗಿದ ದೇಹಗಳನ್ನೂ ನಮ್ಮಂಥ ಕ್ವಾರ್ಟರ್ಸಿನವರನ್ನೂ ಅಲ್ಲೇ ಹೂಳುವುದು ಎಂದು ನಿನಗೂ ಗೊತ್ತು. ಎರಡು ವಾರದ ಹಿಂದೆ ನಾನೇ ಮಣ್ಣು ಮುಚ್ಚಿದ್ದ ಒಂದು ದಿಬ್ಬ ಇನ್ನೂ ಹಸಿಯಾಗಿತ್ತು. ಬೆರಳು ತೋರಿಸಿದೆ. ಬೆರಳು ಎತ್ತಲು ಒಂದು ಕ್ಷಣ ಸಾಕಾಯಿತು. ನೀನು ಅದರ ಮೇಲೆ ಬಿದ್ದು ಅರ್ಧ ಗಂಟೆ ಅತ್ತೆ. ಅಷ್ಟಾದ ಮೇಲೆ ನಿನ್ನನ್ನು ಎಬ್ಬಿಸಿ, ಇಲ್ಲಲ್ಲ ಎಂದು ಹೇಗೆ ಹೇಳಲಿ? ಆ ದಿಬ್ಬದಲ್ಲಿ ಇರುವುದು ಹೆಸರೇ ಗೊತ್ತಿಲ್ಲದ ಒಬ್ಬ ಮುದುಕ. ಬಸ್ ನಿಲ್ದಾಣದಲ್ಲಿ ಸತ್ತಿದ್ದವನು, ಕೇಳಿಕೊಂಡು ಯಾರೂ ಬಂದಿರಲಿಲ್ಲ.

ಎರಡು ವರ್ಷ ನೀನು ಅವನಿಗೆ ಹೂವಿಟ್ಟೆ. ನಿನ್ನ ಅಂಕಗಳನ್ನು ಹೇಳಿದೆ, ನನ್ನ ಮೇಲೆ ಚಾಡಿಯನ್ನೂ ಹೇಳಿದೆ. ನಾನು ಗೋಡೆಯ ಈಚೆ ನಿಂತು ಕೇಳಿಸಿಕೊಂಡಿದ್ದೇನೆ. ಇವತ್ತು ಹೇಳೋಣ, ನಾಳೆ ಹೇಳೋಣ, ಈ ಪರೀಕ್ಷೆ ಮುಗಿಯಲಿ, ಆ ಪರೀಕ್ಷೆ ಮುಗಿಯಲಿ ಎಂದುಕೊಂಡೇ ಎರಡು ವರ್ಷ ತಳ್ಳಿದೆ. ನೀನು ಡಾಕ್ಟರ್ ಆಗುವ ಹಟ ಹಿಡಿದಾಗಲೂ ಬಾಯಿ ಮುಚ್ಚಿಕೊಂಡಿದ್ದೆ. ಸಾವಿರಾರು ಮಕ್ಕಳು ಬರೆಯುವ ಪರೀಕ್ಷೆ, ಸೀಟು ಸಿಕ್ಕರೂ ಇದೇ ಕಾಲೇಜಿನಲ್ಲಿ ಯಾಕೆ ಸಿಗಬೇಕು ಎಂದು ಸಮಾಧಾನ ಮಾಡಿಕೊಂಡೆ. ಸ್ವಂತ ಮಗಳು ಸೋಲಲಿ ಎಂದು ಒಳಗೊಳಗೇ ಕಾದ ಅಪ್ಪ ನಾನು. ಅದನ್ನೂ ತಿಳಿದುಕೋ.

ಈ ವರ್ಷ ದೇಹದಾನವಾಗಿ ಬಂದವರು ತೀರಾ ಕಡಿಮೆ. ಟ್ಯಾಂಕಿನಲ್ಲಿ ಇರುವುದೇ ಎಂಟು ಜನ, ಹಾಲ್‌ನಲ್ಲಿ ಮೇಜೂ ಎಂಟು. ಸರದಿ ಹೀಗೆ ಬಂತು. ಮುಂದಿನ ತಿಂಗಳ ಮೊದಲ ವಾರ ಹೊಸ ಮಕ್ಕಳು ಬರುವ ಮುನ್ನ ಎಂಟು ಜನರನ್ನೂ ಮೇಜಿಗೆ ತರಬೇಕು.

ಮುಖ ನೋಡಿದರೆ ನಿನಗೆ ಗುರುತು ಸಿಗಲಾರದು. ಔಷಧಿ ಮುಖವನ್ನು ಬೇರೆಯೇ ಮಾಡಿಬಿಡುತ್ತದೆ. ಆದರೆ ಎಡಗೈ ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆ ಹಾಗೇ ಇದೆ. ಸಣ್ಣವಳಿದ್ದಾಗ ನೀನು ಅದರ ಮೇಲೆ ಹೆಬ್ಬೆರಳು ಒತ್ತಿಕೊಂಡೇ ನಿದ್ದೆ ಹೋಗುತ್ತಿದ್ದೆ. ಮೊದಲ ವರ್ಷದ ಪಾಠ ಶುರುವಾಗುವುದೇ ತೋಳಿನಿಂದ. ಕೈಯನ್ನು ಪಕ್ಕಕ್ಕೆ ಚಾಚಿ ಹಲಗೆಗೆ ಕಟ್ಟಿಡುವುದು ನನ್ನ ಕೆಲಸ. ನಿನ್ನನ್ನು ಬೇರೆ ಮೇಜಿಗೆ ಹಾಕಿಸಬಹುದು, ಆದರೆ ಹಾಲ್ ಒಂದೇ. ಮಕ್ಕಳು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ ನೋಡಿಯೇ ನೋಡುತ್ತಾರೆ.

ನಿನ್ನೆ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ನಿನಗೆ ಗೊತ್ತಿಲ್ಲ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಕನ್ನಡಕ ತೆಗೆದಿಟ್ಟು ನನ್ನನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಮನೆಯವರು ಬರೆದುಕೊಟ್ಟರೆ ದೇಹವನ್ನು ವಾಪಸ್ ಕೊಡಬಹುದು, ಆದರೆ ನಿಮ್ಮೊಬ್ಬರ ಸಹಿ ಸಾಲದು, ಮಗಳಿಗೆ ಹದಿನೆಂಟು ತುಂಬಿದೆ, ಅವಳದೂ ಬೇಕು ಅಂದರು. ಇಲ್ಲದಿದ್ದರೆ ಆಕೆ ಬಯಸಿದ ಹಾಗೇ ನಡೆಯುತ್ತೆ, ಏನಿದ್ದರೂ ಮಗಳಿಗೆ ಮೊದಲು ಹೇಳಿ ಅಂದರು.

ಹೇಳಿದ್ದೇನೆ. ಸೋಮವಾರ ಸಂಜೆ ಐದರೊಳಗೆ ನೀನು ಎರಡರಲ್ಲಿ ಒಂದು ಕಾಲೇಜನ್ನು ಆರಿಸಿ ತಿಳಿಸಬೇಕು. ಸಹಿ ಹಾಕುತ್ತೇನೆ ಎಂದರೆ ಬಾ, ಇಬ್ಬರೂ ಸೇರಿ ಅವಳನ್ನು ಮಣ್ಣಿಗೆ ಕೊಡೋಣ. ಆಮೇಲೆ ನೀನು ಈ ಹಾಲ್‌ನಲ್ಲೇ ಕಲಿ, ಮನೆಯಲ್ಲೇ ಇರು. ಆದರೆ ಅವಳು ಕೇಳಿದ್ದು ಅದನ್ನಲ್ಲ. ನಾಲ್ಕು ಮಕ್ಕಳು ನನ್ನಿಂದ ಕಲೀಲಿ ಅಂದಿದ್ದಳು. ನನ್ನನ್ನು ಕೇಳಿದರೆ ದೂರದ ಕಾಲೇಜಿಗೇ ಹೋಗು. ಅಲ್ಲಿಯ ಹಾಲ್ ಅಟೆಂಡರ್ ನನಗೆ ಪರಿಚಯದವನು, ಮುಂಗೋಪಿ, ಆದರೆ ಮನಸ್ಸು ಒಳ್ಳೆಯದು. ಫೋನ್ ಮಾಡಿ ವಿಚಾರಿಸಿದೆ. ಹಾಸ್ಟೆಲ್‌ನಲ್ಲಿ ಕೋಣೆಗೆ ಮೂರು ಹುಡುಗಿಯರು, ಎಲ್ಲ ಕೋಣೆಗೂ ಕಿಟಕಿ ಇದೆ, ಬಿಸಿನೀರು ಬೆಳಿಗ್ಗೆ ಏಳರವರೆಗೆ ಮಾತ್ರ. ನಿನ್ನ ಸ್ನಾನದ ಪರಿ ನೋಡಿದರೆ ಐದಕ್ಕೇ ಏಳಬೇಕಾಗುತ್ತದೆ. ಅಲ್ಲಿ ಮೇಜಿನ ಮೇಲೆ ಮಲಗಿರುವವರೂ ಯಾರದೋ ಅಮ್ಮ, ಯಾರದೋ ಅಪ್ಪ. ಕೈಗೆ ಚಾಕು ತೆಗೆದುಕೊಳ್ಳುವಾಗ ಅದು ನೆನಪಿರಲಿ.

ಚಿಕ್ಕಮ್ಮನ ಮೇಲೆ ಹಾರಾಡಬೇಡ. ಅವಳಿಗೆ ಗೊತ್ತು, ಆದರೆ ನಾನೇ ಆಣೆ ಹಾಕಿಸಿಕೊಂಡು ಬಾಯಿ ಕಟ್ಟಿದ್ದೆ. ಗುಟ್ಟಾಗಿಡಬೇಕೆಂದು ನಿನ್ನಮ್ಮನೇ ಹೇಳಿದ್ದಾಳೆ ಎಂದು ಅವಳಿಗೆ ಸುಳ್ಳು ಹೇಳಿದ್ದೆ. ಬೈಯುವುದಿದ್ದರೆ ನನ್ನನ್ನು ಬೈ. ಫೋನ್ ಮಾಡಿ ಬೈದರೂ ಸರಿ, ನಿನ್ನ ದನಿಯಾದರೂ ಕೇಳುತ್ತದೆ.

ಇಂತಿ,
ನಿನ್ನ ಮುಖ ನೋಡಲು ಹೆದರುವ
ಅಪ್ಪ

ಬರೆಯದೆ ಬಿಟ್ಟದ್ದು: ಡ್ರೈವರ್ ಇನ್ನೂ ಬಂದಿಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಸರದಿ ಹೀಗೆ ಬಂತು ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಸರದಿ ತಾನಾಗಿ ಬರುವುದಿಲ್ಲ. ಮೊದಲು ಬಂದವರು ಮೊದಲು ಮೇಜಿಗೆ, ಅದು ಇಲ್ಲಿಯ ನಿಯಮ, ಅದನ್ನು ನಡೆಸುವವನು ನಾನು. ನಿನ್ನಮ್ಮನ ಸರದಿ ಅವಳು ಹೋದ ವರ್ಷವೇ ಬಂದಿತ್ತು. ಬರುತ್ತದೆಂದು ಅವಳು ಆಗಲೇ ಲೆಕ್ಕ ಹಾಕಿದ್ದಳು. ನನ್ನನ್ನು ಇಟ್ಕೊಂಡು ಕೂರಬೇಡಿ, ಮೊದಲ ವರ್ಷವೇ ಕಳಿಸಿಬಿಡಿ, ಮಗಳು ಇಲ್ಲಿಗೇ ಓದೋಕೆ ಬಂದ್ರೂ ಬರಬಹುದು, ಅಷ್ಟರಲ್ಲಿ ನಾನು ಮಣ್ಣಿನಲ್ಲಿ ಇರಬೇಕು ಅಂತ ನನ್ನ ಕೈ ಹಿಡಿದು ಹೇಳಿದ್ದಳು. ನಾನು ಅವಳ ಕಾಲಿಗೆ ಕಟ್ಟಿದ ಟ್ಯಾಗಿನಲ್ಲಿ ಬಂದ ತಾರೀಖು ತಿದ್ದಿ ಅವಳನ್ನು ಕೊನೆಗೆ ಸರಿಸಿದೆ. ಒಂದು ಸಲವಲ್ಲ, ಎರಡು ವರ್ಷ, ಎರಡು ಸಲ. ನಿನಗಾಗಿ ಎಂದುಕೊಳ್ಳಬೇಡ. ಬೆಳಿಗ್ಗೆ ಹಾಲ್‌ನ ಬೀಗ ತೆಗೆದಾಗ, ಬಂದೆ ಕಣೇ ಎಂದು ಹೇಳಲು ನನಗೊಬ್ಬರು ಬೇಕಿತ್ತು. ಅವಳು ಹೇಳಿದಂತೆ ಮಾಡಿದ್ದರೆ ಇವತ್ತು ನೀನು ಈ ಕಾಲೇಜಿಗೇ ಸೇರಿ, ಮನೆಯಲ್ಲೇ ಇದ್ದು, ಸಂಜೆ ನಿಜವಾಗಿಯೂ ಅಮ್ಮನ ಹತ್ತಿರ ಕೂತು ಬರಬಹುದಿತ್ತು. ಅವಳನ್ನು ಕಳಿಸಿಕೊಡಲು ನನ್ನಿಂದ ಆಗಲಿಲ್ಲ. ಅದಕ್ಕೇ ಈಗ ನಿನ್ನನ್ನು ಕಳಿಸುತ್ತಿದ್ದೇನೆ.