ನಾಲ್ಕನೆಯ ತಟ್ಟೆಯ ಸೊನ್ನೆ

ಯಾಶ್, ರೊಮೇನಿಯಾ
ಮಾರ್ಚ್ 14, ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಪಾದೊವಾದಲ್ಲಿ ಚಳಿ ಇಳಿಯಿತೇ? ನೀನು ನೋಡಿಕೊಳ್ಳುವ ಇನೆಸ್ ಅಜ್ಜಿ ಈಗಲಾದರೂ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾರೋ, ಇನ್ನೂ ಹೂಕುಂಡದಲ್ಲಿ ಬಚ್ಚಿಡುತ್ತಾರೋ? ನಾನು ಚೆನ್ನಾಗಿದ್ದೇನೆ. ಊಟದ ವಿಚಾರ ಕೇಳಬೇಡ. ವೆತಾ ಚಿಕ್ಕಮ್ಮ ಭಾನುವಾರ ಕೊಟ್ಟ ಸರ್ಮಾಲೆ, ಆ ಎಲೆಕೋಸಿನ ಸುರುಳಿಗಳು, ಇನ್ನೂ ಮುಗಿದಿಲ್ಲ. ಈ ಸುದ್ದಿಯನ್ನು ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಅತ್ತುಬಿಡುತ್ತೀಯ ಎಂದು ಬರೆಯುತ್ತಿದ್ದೇನೆ. ಶನಿವಾರ ಇಟಲಿಗೆ ಹೊರಡುವ ಬಸ್ಸಿನ ಡ್ರೈವರ್ ಈ ಪತ್ರ ತಂದುಕೊಡುತ್ತಾರೆ.

ಅಮ್ಮಾ, ನಮ್ಮ ಚಿನ್ನ ಕೆಲಸ ಮಾಡಿತು! ಉಂಗುರದ ಚಿನ್ನವಲ್ಲ, ಕೂದಲೆಳೆಯ ದಪ್ಪವನ್ನು ಸಾವಿರ ಪಾಲು ಮಾಡಿದರೆ ಎಷ್ಟೋ ಅಷ್ಟು ಸಣ್ಣ ಕಡ್ಡಿಗಳು. ನೀರಿಗೆ ಬಿಟ್ಟರೆ ಹಳದಿಯೇ ಕಾಣುವುದಿಲ್ಲ, ನೀನು ಮಾಡುವ ಚೆರ್ರಿ ಮದ್ಯದ ಬಣ್ಣ. ಅವು ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡ ಮೇಲೆ ಕಣ್ಣಿಗೆ ಕಾಣದ ಒಂದು ಬೆಳಕು ಬಿಟ್ಟರೆ ಸಾಕು, ಕಾದು ಅದರ ಹೊದಿಕೆಯನ್ನೇ ಹರಿದುಹಾಕುತ್ತವೆ. ನಾನು ಆರಿಸಿಕೊಂಡದ್ದು ಯಾವ ಜಾತಿಯನ್ನು ಗೊತ್ತೇ? ಅಪ್ಪನ ಕಾಲಿನ ಗಾಯಕ್ಕೆ ಸೇರಿ, ಮೂರು ಬಗೆಯ ಇಂಜೆಕ್ಷನ್‌ಗೂ ಜಗ್ಗದೆ, ಊರಿಗೆ ಹೊರಟ ನಿನ್ನ ಬಸ್ಸು ಹಂಗೇರಿ ದಾಟುವಷ್ಟರಲ್ಲಿ ಅಪ್ಪನನ್ನು ಕೊಂಡೊಯ್ದಿತಲ್ಲ, ಅದನ್ನೇ. ಇಲ್ಲಿ ಲ್ಯಾಬಿನಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲ.

ನಾಲ್ಕು ಗಾಜಿನ ತಟ್ಟೆಗಳಲ್ಲಿ ಅದನ್ನು ಬೆಳೆಯಲು ಬಿಟ್ಟೆ. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಬರೀ ಬೆಳಕು, ಒಂದಕ್ಕೆ ಬರೀ ಚಿನ್ನ, ನಾಲ್ಕನೆಯದಕ್ಕೆ ಎರಡೂ. ಹೋದ ವಾರ ತೆಗೆದು ನೋಡಿದರೆ ಮೂರು ತಟ್ಟೆಗಳಲ್ಲಿ ಬಿಳಿ ಚುಕ್ಕೆಗಳು ಕಿಕ್ಕಿರಿದಿದ್ದವು, ನಾಲ್ಕನೆಯದು ತೊಳೆದಿಟ್ಟಂತಿತ್ತು. ಪಕ್ಕದ ಮೇಜಿನ ಹೊರಾತ್ಸಿಯು ಇಣುಕಿ, “ಅದಕ್ಕೆ ಬ್ಯಾಕ್ಟೀರಿಯಾ ಹಾಕೋದನ್ನೇ ಮರ್ತಿರ್ತೀಯ ಬಿಡು” ಎಂದ. ನನಗೂ ಅದೇ ಅನುಮಾನ ಹತ್ತಿತು. ಮತ್ತೆ ಮಾಡಿದೆ, ಮತ್ತೆ ಅದೇ. ಮೂರನೆಯ ಸಲ ನನ್ನನ್ನು ಮುಟ್ಟಗೊಡದೆ ಲ್ಯಾಬಿನ ಮುಖ್ಯಸ್ಥೆ ಓಲಿಂಪಿಯಾ ಮೇಡಂ ತಾವೇ ಕೈಗವಸು ಹಾಕಿ ಕೂತರು. ಹದಿನೆಂಟು ವರ್ಷದಲ್ಲಿ ಯಾರನ್ನೂ ಹೊಗಳಿದವರಲ್ಲ ಅವರು. ಇವತ್ತು ಬೆಳಿಗ್ಗೆ ತಟ್ಟೆಯನ್ನು ಕಿಟಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕನ್ನಡಕ ತೆಗೆದು, “ಬರ್ಕೋ ಸ್ಮರಾಂದಾ. ಸೊನ್ನೆ” ಎಂದರು. ಪೆನ್ನು ತೆಗೆದು ದಿನಾಂಕವನ್ನಷ್ಟೇ ಬರೆದೆ. ಆಗ ಅಪ್ಪನ ವಿಷಯ ಬಾಯಿಗೆ ಬಂದುಬಿಟ್ಟಿತು. ಮೇಡಂ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತಾವೇ ಬರೆದರು. ಹೊರಾತ್ಸಿಯು ಓಡಿಹೋಗಿ ಬೇಕರಿಯಿಂದ ಎಲ್ಲರಿಗೂ ಬಿಸಿ ಕೊವ್ರಿಗಿ ಬ್ರೆಡ್ಡು ತಂದ.

ಇನೆಸ್ ಅಜ್ಜಿಗೆ ನನ್ನ ನಮಸ್ಕಾರ ಹೇಳು. ದೇವಮಾತೆ ನಿನ್ನನ್ನು ಕಾಯಲಿ. ನಿನ್ನ ಕೈಗೆ ಮುತ್ತು.

ನಿನ್ನ
ಸ್ಮರಾಂದಾ

ಮರೆತ ಮಾತಲ್ಲ, ಈಗಷ್ಟೇ ತಿಳಿದದ್ದು: ಲಕೋಟೆ ಅಂಟಿಸುವಾಗ ಚಿಕ್ಕಮ್ಮ ಫೋನ್ ಮಾಡಿದಳು. ಇಸ್ತ್ರಿಪೆಟ್ಟಿಗೆ ತಾಗಿ ನಿನ್ನ ಅಂಗೈ ಸುಟ್ಟು ಎಂಟು ದಿನವಾಯಿತಂತೆ, ಕೀವು ಬರುತ್ತಿದೆಯಂತೆ, “ಸ್ಮರಾಂದಾಗೆ ಹೇಳಬೇಡ, ಅವಳೇ ಮದ್ದು ಕಂಡುಹಿಡೀತಾಳೆ” ಎಂದು ನಗುತ್ತಿದ್ದೆಯಂತೆ. ಅಮ್ಮಾ, ನನ್ನ ಚಿನ್ನ ಇನ್ನೂ ಗಾಜಿನ ತಟ್ಟೆ ದಾಟಿಲ್ಲ. ಮನುಷ್ಯರ ಮೈಗೆ ಬರಲು ಹತ್ತು ವರ್ಷವಾದರೂ ಬೇಕು. ಮೂರು ಸಲ ಕರೆ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಈ ಹಾಳೆಗಳ ಫೋಟೋ ತೆಗೆದು ಈಗಲೇ ಕಳಿಸುತ್ತಿದ್ದೇನೆ. ಅಜ್ಜಿಯ ಮಗನಿಗೆ ಹೇಳಿದ್ದೇನೆ, ನಾಲ್ಕು ಗಂಟೆಗೆ ಕಾರು ತರುತ್ತಾರೆ, ನೇರ ಆಸ್ಪತ್ರೆಗೆ. ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿರು.