ಫ್ರಿಜ್ಜಿನಡಿಯ ಮರದ ಚಕ್ಕೆಗಳು

ಕ್ವಾರ್ಟ್ಸೈಟ್, ಅರಿಜೋನಾ
ಫೆಬ್ರವರಿ 9

ಅಪ್ಪ,

ನೀನು ಕೊಟ್ಟ ವ್ಯಾನು ಚೆನ್ನಾಗಿ ಓಡುತ್ತಿದೆ. ಅದರೊಳಗಿನ, ಗ್ಯಾಸ್ ಉರಿಯಿಂದ ನಡೆಯುವ ಫ್ರಿಜ್ ಮಾತ್ರ ಒಂದು ದಿನವೂ ತಂಪಾಗಲಿಲ್ಲ. ಗ್ಯಾಸ್ ಇತ್ತು, ಉರಿಯೂ ನೀಲಿಯಾಗಿತ್ತು, ಆದರೂ ಹಾಲು ಒಡೆಯುತ್ತಲೇ ಇತ್ತು.

ಪಕ್ಕದ ವ್ಯಾನಿನ ವರ್ನಾ ವ್ಯಾನಿನ ನೆಲದ ಮೇಲೊಮ್ಮೆ, ಫ್ರಿಜ್ಜಿನ ಮೇಲೊಮ್ಮೆ ರಸಮಟ್ಟ ಇಟ್ಟು ನೋಡಿದಳು. "ನೆಲ ಸಮ ಇದೆ ಕಣೇ, ನಿನ್ನ ಫ್ರಿಜ್ಜೇ ಓರೆ! ಗ್ಯಾಸ್ ಫ್ರಿಜ್ಜು ಓರೆಯಾಗಿ ನಿಂತ್ರೆ ಕೆಲಸಾನೇ ಮಾಡಲ್ಲ. ಯಾವ ಪುಣ್ಯಾತ್ಮ ಇದನ್ನ ಕೂರ್ಸಿದ್ದು?"

ಫ್ರಿಜ್ ಬಿಚ್ಚಿದರೆ ಒಂದು ಬದಿಯ ಅಡಿಯಲ್ಲಿ ಮೂರು ಮರದ ಚಕ್ಕೆಗಳು. ಮೇಲೆ ಪೆನ್ಸಿಲಿನಲ್ಲಿ ನಿನ್ನ ಅಕ್ಷರ: "ಈಗ ಸಮ." ಆ ಚಕ್ಕೆಗಳ ಎತ್ತರಕ್ಕೆ ಹೊಂದುವ ಇಳಿಜಾರು ನನಗೆ ಗೊತ್ತಿರುವುದು ಒಂದೇ, ಡುಲೂತಿನ ನಮ್ಮ ಮನೆಯಂಗಳ.

ಹಾಗಾದರೆ ಅಮ್ಮ ತೀರಿಕೊಂಡ ಮೇಲೆ ಮೂರು ಬೇಸಿಗೆ ಈ ವ್ಯಾನಿನಲ್ಲಿ ಹೋಗಿದ್ದೇನೆಂದು ನೀನು ಫೋನಿನಲ್ಲಿ ಹೇಳುತ್ತಿದ್ದ ಮೊಂಟಾನಾದ ಹೊಳೆ, ಅಲ್ಲಿ ಹಿಡಿದ ಮೀನು? ಬೈಯುತ್ತಿಲ್ಲ, ಕುತೂಹಲಕ್ಕೆ ಕೇಳುತ್ತಿದ್ದೇನೆ. ಅಂಗಳದಲ್ಲೇ, ವ್ಯಾನಿನೊಳಗೆ ಮಲಗುತ್ತಿದ್ದೆಯಾ?

ಹಳೆಯದನ್ನು ತೆಗೆದು ಬ್ಯಾಟರಿಯ ಫ್ರಿಜ್ ಹಾಕಿಸಿದ್ದೇನೆ. ಇದು ಓರೆಯಲ್ಲೂ ತಂಪಾಗುತ್ತದಂತೆ. ಮೇ ಮೊದಲ ವಾರ ನಿನ್ನನ್ನು ಕರೆದೊಯ್ಯಲು ಬರುತ್ತೇನೆ. ಗಾಳ ಹುಡುಕಿಡು, ದಪ್ಪ ಸ್ವೆಟರ್ ಒಗೆದಿಡು.

ಮೊಂಟಾನಾದ ದಾರಿ ನನಗೂ ಗೊತ್ತಿಲ್ಲ.

ನಿನ್ನ ಮಗಳು,
ಲಿನೆಟ್