ಅಪ್ಪನ ಹೆಸರು ಉಳಿಸಿ ಶಾಲೆ ಮುಚ್ಚಿದವರಿಗೆ

ಮಾನ್ಯ ಕುಲಪತಿಗಳೇ,

ಕಿವಿ ಕೇಳದ ಮಕ್ಕಳ ಶಾಲೆಯನ್ನೂ ಅವರಿಗೆ ಪಾಠ ಹೇಳುವವರನ್ನು ತಯಾರು ಮಾಡುತ್ತಿದ್ದ ವಿಭಾಗವನ್ನೂ ತಾವು ಮುಚ್ಚಿದ್ದೀರಿ. ಅದೇ ಕಟ್ಟಡವನ್ನು ಸಂಗೀತ ಸಭಾಂಗಣ ಮಾಡಿ, ಅದಕ್ಕೆ ನನ್ನ ಅಪ್ಪನ ಹೆಸರಿಟ್ಟಿದ್ದೀರಿ. ಇಷ್ಟು ನಾಜೂಕಾದ ಅವಮಾನವನ್ನು ಯೋಚಿಸಲು ಎಷ್ಟು ಸಮಿತಿಗಳು ಬೇಕಾದವು?

ಅಪ್ಪ ಬಟ್ಟೆಯ ಸಗಟು ವ್ಯಾಪಾರಿ. ಮಾತೇ ಅವರ ಬಂಡವಾಳ. ಮನೆಗೆ ಬಂದರೆ ಮಾತ್ರ ಬಾಯಿ ಮುಚ್ಚಿ ಕೈಯಲ್ಲೇ ಹರಟೆ ಹೊಡೆಯುತ್ತಿದ್ದರು. ಏಕೆಂದರೆ ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಚಿಕ್ಕವಳಿದ್ದಾಗ ಶಾಲೆಯವರು ಅವಳನ್ನು ದಡ್ಡಿ ಎಂದು ಮೊದಲು ಹಿಂದಿನ ಬೆಂಚಿಗೆ, ಆಮೇಲೆ ಮನೆಗೇ ಕಳಿಸಿದ್ದರು. ಮದುವೆಯಾದ ಮೇಲೆ ಅಪ್ಪ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆಯ ಥಾನುಗಳಿಗೆ ಅಂಟಿಸಿದ ಚೀಟಿ ತೋರಿಸಿ ಅವಳಿಗೆ ಅಕ್ಷರ ಕಲಿಸಿದರು. ಅವಳು ಮೊದಲು ಓದಿದ್ದು ಬಣ್ಣಗಳ ಹೆಸರು.

"ಇಷ್ಟು ಚುರುಕಾಗಿರೋಳನ್ನ ದಡ್ಡಿ ಅಂದ್ಬಿಟ್ರಲ್ಲ ಮಗಳೇ. ಇನ್ನೆಷ್ಟು ಮಕ್ಕಳು ಹೀಗೇ ಮೂಲೆ ಸೇರಿವೆಯೋ" ಎಂದು ಅಪ್ಪ ಕೊರಗುತ್ತಿದ್ದರು. ಕಡೆಗೆ ಅಂಗಡಿ, ಗೋದಾಮು, ಇದ್ದ ಮನೆ ಎಲ್ಲವನ್ನೂ ಮಾರಿ ತಾವು ಈಗ ಕುಲಪತಿಗಳಾಗಿರುವ ವಿಶ್ವವಿದ್ಯಾಲಯದಲ್ಲಿ ಆ ಶಾಲೆ ಕಟ್ಟಿಸಿದರು. ಬಾಡಿಗೆ ಮನೆಯಲ್ಲೇ ಕಣ್ಣು ಮುಚ್ಚಿದರು. ಅದಕ್ಕಾಗಿ ಅಮ್ಮ ಒಂದು ದಿನವೂ ಮುಖ ಸಣ್ಣ ಮಾಡಿದವಳಲ್ಲ.

ಶಾಲೆ ಮುಚ್ಚಿದ್ದನ್ನು ನಮಗೆ ತಿಳಿಸುವ ತೊಂದರೆಯನ್ನು ತಾವು ತೆಗೆದುಕೊಳ್ಳಲಿಲ್ಲ. ಅಪ್ಪನ ಹೆಸರಿಡುವ ಸಮಾರಂಭ ಎಂದಷ್ಟೇ ಹೇಳಿ ಉದ್ಘಾಟನೆಗೆ ಮಾತ್ರ ಕರೆಸಿದಿರಿ. ಅಮ್ಮ ಮಕ್ಕಳನ್ನು ನೋಡುವ ಸಡಗರದಲ್ಲಿ ಬಂದಳು. ವೇದಿಕೆ ಹತ್ತಿ, ಸಾಲು ಸಾಲು ಕುರ್ಚಿಗಳನ್ನು ದಿಟ್ಟಿಸಿ, ಕೈ ಆಡಿಸಿದಳು.

"ಅಮ್ಮ ಏನಂತಾರೆ?" ಎಂದು ತಾವು ನನ್ನನ್ನು ಕೇಳಿದಿರಿ.

"ಮಕ್ಕಳೆಲ್ಲಿ ಅಂತ ಕೇಳ್ತಿದಾರೆ ಸರ್."

ತಾವು ನಕ್ಕು, ಮೈಕಿನತ್ತ ತಿರುಗಿ, "ತಾಯಿಯವರು ನಮ್ಮನ್ನೆಲ್ಲ ಹರಸ್ತಿದಾರೆ" ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ಅಮ್ಮ ಅದನ್ನು ನೋಡಿ, ಮಕ್ಕಳು ಈಗ ಬರುತ್ತಾರೆಂದುಕೊಂಡು, ಬಾಗಿಲ ಕಡೆ ಕಣ್ಣಿಟ್ಟು ತಾನೂ ಚಪ್ಪಾಳೆ ತಟ್ಟಿದಳು.

ಬಸ್ಸಿನಲ್ಲಿ ನಾನು ಎಲ್ಲವನ್ನೂ ಕೈಯಲ್ಲೇ ಹೇಳಿದೆ. ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕುಳಿತಳು. ಮನೆಗೆ ಬಂದರೂ ಕೈ ಎತ್ತಲಿಲ್ಲ, ಇಂದಿಗೂ ಎತ್ತಿಲ್ಲ. ನಮ್ಮ ಮನೆ ಈಗ ನಿಜಕ್ಕೂ ಮೂಕವಾಗಿದೆ.

ದಾಖಲಾತಿ ಕಡಿಮೆ ಎಂಬುದು ತಮ್ಮ ಕಚೇರಿಯ ಸಮಜಾಯಿಷಿ. ಇದ್ದ ಮಕ್ಕಳು ಎಲ್ಲಿಗೆ ಹೋಗಬೇಕು? ಗಲಾಟೆ ಮಾಡದವರ ಶಾಲೆ ಮುಚ್ಚುವುದು ಸುಲಭ, ಅಲ್ಲವೇ?

ಶಾಲೆಯನ್ನು ಮತ್ತೆ ತೆರೆಯಿರಿ. ಆಗದಿದ್ದರೆ ಆ ಗೋಡೆಯ ಮೇಲಿನ ಅಪ್ಪನ ಹೆಸರನ್ನು ಅಳಿಸಿ. ಅವರನ್ನು ಊರು ಮರೆತರೆ ತಡೆದುಕೊಂಡೇವು, ಹೀಗೆ ನೆನೆಯುವುದನ್ನು ತಡೆದುಕೊಳ್ಳಲಾರೆವು.

ಇಂತಿ,
ಅಂದು ವೇದಿಕೆಯಲ್ಲಿ ಸರಿಯಾಗಿಯೇ ಅನುವಾದ ಮಾಡಿದ ಮಗಳು